ಭೋಸರಿಯ ಕಾರ್ ಎಸಿ ಗ್ಯಾರೇಜು: ಕಂಪ್ರೆಸರ್ ಬದಲಿ ಬ್ಯಾಡ ಅಂದವ್ರು

ಪುಣೆದಾಗ ಕಾರ್ ಎಸಿ ಕೆಲಸ ಯಾರ ಕಡೆ ಮಾಡಿಸ್ಬೇಕು ಅಂತ ನಮ್ಮ ಕಡೆ ಮಂದಿ ಭಾಳ ಕೇಳ್ತಿರ್ತಾರ, ಅದಕ್ಕ ಬರೀಲಿಕತ್ತೀನಿ. ಭೋಸರಿ ಎಂಐಡಿಸಿ (ಕೈಗಾರಿಕಾ ವಸಾಹತು) ಒಳಗ ಶೀಟ್ ಮೆಟಲ್ ಶಾಪ್‌ಗಳ ಸಾಲಿನ್ಯಾಗ ಒಂದು ಸಣ್ಣ ಗಾಳಾ (ಶೆಡ್ಡಿನಂಥ ಅಂಗಡಿ), ಕಾರ್ ಎಸಿ ಬಿಟ್ರ ಬ್ಯಾರೆ ಕೆಲಸ ಮುಟ್ಟಂಗಿಲ್ಲ. ಐದಕ್ಕ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಯಾಕ ಕಟ್ ಮಾಡೀನಿ ಅನ್ನೂದು ಮುಂದ ಹೇಳ್ತೀನಿ.

ನಮ್ಮ ಗಾಡಿದು ತಕರಾರು ಏನಿತ್ತಂದ್ರ, ಬೆಳಿಗ್ಗೆ ಹೊಂಟಾಗ ಚಲೋ ಥಂಡ ಗಾಳಿ ಬರ್ತಿತ್ತು, ಮಧ್ಯಾಹ್ನ ನಾಶಿಕ್ ಫಾಟಾ ಟ್ರಾಫಿಕ್‌ದಾಗ ಸಿಕ್ಕೊಂಡ್ವಿ ಅಂದ್ರ ಬರೇ ಬಿಸಿ ಗಾಳಿ, ಹಿಂದಿನ ಸೀಟಿನ್ಯಾಗ ನಮ್ಮವ್ವ ಸೆರಗಿಲೆ ಗಾಳಿ ಹಾಕ್ಕೋತ ಕೂಡ್ಬೇಕು, ಮತ್ತ ಗಾಡಿ ನಿಲ್ಲಿಸಿ ತಣ್ಣಗಾದ ಮ್ಯಾಲ ಚಾಲೂ ಮಾಡಿದ್ರ ಮೊದಲಿನಂಗ ಥಂಡ. ಜೊತಿಗೆ ಬಾನೆಟ್ ಕೆಳಗಿಂದ ಗರಗರ ಸಪ್ಪಳ, ಅದು ಎಸಿ ಬಂದ್ ಇದ್ರೂ ಬರ್ತಿತ್ತು. ಮೊದಲು ತೋರಿಸಿದ್ದು ಒಂದು ದೊಡ್ಡ ವರ್ಕ್‌ಶಾಪ್‌ದಾಗ, ಹೆಸರು ಬ್ಯಾಡ ಬಿಡ್ರಿ. ಅಲ್ಲಿ ಗ್ಯಾಸಿನ ಒತ್ತಡ ನೋಡೋ ಗೇಜ್ ಸುದ್ದಾ ಹಚ್ಚಲಿಲ್ಲ, ಸಪ್ಪಳ ಕೇಳಿದ್ರು, ಕಂಪ್ರೆಸರ್ (ಎಸಿ ಗ್ಯಾಸ್ ಒತ್ತಿ ತಿರುಗಿಸೋ ಪಂಪ್) ಹೋಗೇದ ಅಂದ್ರು, ಲೇಬರ್ ಗ್ಯಾಸ್ ಎಲ್ಲಾ ಹಿಡಿದು 28,000 ರೂಪಾಯಿ ಎಸ್ಟಿಮೇಟ್ ಕೈಯಾಗ ಕೊಟ್ರು. ಮೇ ತಿಂಗಳಾಗ ಸೋಲಾಪುರ ಮ್ಯಾಲಿಂದ ವಿಜಯಪುರಕ್ಕ ಹೋಗೂದಿತ್ತು, ಆ ಬಿಸಿಲಿನ್ಯಾಗ ಎಸಿ ಇಲ್ದ ವಯಸ್ಸಾದವ್ರನ್ನ ಕರ್ಕೊಂಡು ಹೋಗ್ಲಿಕ್ಕೆ ಮನಸ್ಸು ಒಪ್ಪಲಿಲ್ಲ, ಆದ್ರ ನೋಡದ ಕೇಳದ ಅಷ್ಟು ರೊಕ್ಕ ಹಾಕ್ಲಿಕ್ಕೂ ಒಪ್ಪಲಿಲ್ಲ.

ಆಫೀಸಿನ ಗೆಳೆಯ ಈ ಗಾಳಾ ಹೇಳಿದ. ನಡಸೋರು ಒಬ್ಬ ಮರಾಠಿ ಕಾಕಾ, ಅವರ ಕೈಕೆಳಗಿರೋ ಹುಡುಗ ನಮ್ಮ ಜತ್ತ ಕಡೆಯಾಂವ, ಕನ್ನಡ ಬರ್ತದ. ಗಾಡಿ ಬಿಸಿ ಇದ್ದಾಗಲೇ ತಗೊಂಡು ಬರ್ರಿ ಅಂತ ಫೋನ್‌ದಾಗ ಹೇಳಿದ್ರು, ಅಲ್ಲೇ ನನಗ ಅರ್ಧ ಭರವಸೆ ಬಂತು, ಯಾಕಂದ್ರ ತಣ್ಣಗಿದ್ದಾಗ ನಮ್ಮ ಗಾಡಿಗೆ ಯಾವ ರೋಗಾನೂ ಕಾಣ್ತಿರ್ಲಿಲ್ಲ.

ಹೋದ ಕೂಡ್ಲೇ ನೀಲಿ ಕೆಂಪು ಗೇಜ್ ಎರಡೂ ಹಚ್ಚಿದ್ರು, ನೀಲಿ ಕಡಿಮಿ ಒತ್ತಡದ ಕಡೀದು, ಕೆಂಪು ಜಾಸ್ತಿ ಒತ್ತಡದ ಕಡೀದು. ಎಸಿ ಹಿಡಿದಾಗ ನೀಲಿ 35ರ ಆಸುಪಾಸು, ಕೆಂಪು 230 ಪಿಎಸ್‌ಐ, ಬಿಸಿಲಿಗೆ ಅದು ಸರಿಯಾದ ಲೆಕ್ಕ. ಸ್ವಲ್ಪ ಹೊತ್ತಿಗೆ ಕೂಲಿಂಗ್ ಬಿಡ್ತು, ಎರಡೂ ಮುಳ್ಳು ಹಗೂರಕ ಒಂದರ ಕಡೆ ಒಂದು ಸರಕೋತ ಬಂದ್ವು. ಕಂಪ್ರೆಸರ್ ಒಳಗ ಸವದು ಹೋಗಿದ್ರ ಚಾಲೂ ಇದ್ದಾಗಲೂ ಕೆಂಪು ಮ್ಯಾಲ ಏರ್ತಿರ್ಲಿಲ್ಲ, ನೀಲಿ ಕೆಳಗ ಇಳೀತಿರ್ಲಿಲ್ಲ, ನಿಮ್ದು ಹಂಗಿಲ್ಲ ಅಂದ್ರು ಕಾಕಾ. ಆಮೇಲೆ ಒಂದು ಉದ್ದನ ಕಟ್ಟಿಗಿ ತಗೊಂಡು ಅದರ ತುದಿಲೆ ಕಂಪ್ರೆಸರ್ ಮುಂದಿನ ಪ್ಲೇಟ್ ಹಗೂರಕ ಒತ್ತಿದ್ರು. ಟಕ್ ಅಂತ ಹಿಡೀತು, ಎರಡು ನಿಮಿಷದಾಗ ಒಳಗ ಥಂಡ ಗಾಳಿ! (ಇದನ್ನ ಮನ್ಯಾಗ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ಬೆಲ್ಟ್ ತಿರುಗ್ತಿರ್ತದ, ಕೈ ಹೋಗ್ತದ.)

ಜತ್ತದ ಹುಡುಗ ಬಿಡಿಸಿ ಹೇಳಿದ. "ಅಣ್ಣಾರ, ಪುಲ್ಲಿ ಎಂಜಿನ್ ಜೊತಿ ತಿರುಗ್ತಾನ ಇರ್ತದ್ರಿ, ಎಸಿ ಹಚ್ಚಿದಾಗ ಒಳಗಿನ ಕಾಯಿಲ್ ಮ್ಯಾಗ್ನೆಟ್ ಆಗಿ ಈ ಪ್ಲೇಟ್ ಎಳಕೋತದ, ಆವಾಗ ಕಂಪ್ರೆಸರ್ ತಿರುಗ್ತದ. ನಿಮ್ದು ಪುಲ್ಲಿಗೂ ಪ್ಲೇಟಿಗೂ ನಡುವಿನ ಗ್ಯಾಪ್ ಜಾಸ್ತಿ ಆಗೇದ್ರಿ." ಫೀಲರ್ ಗೇಜ್ (ಸಂದಿ ಅಳೆಯೋ ತೆಳ್ಳನ ಪಟ್ಟಿ) ತುರುಕಿ ತೋರಿಸಿದ, ಅರ್ಧ ಮಿಲಿಮೀಟರ್ ಇರಬೇಕಾದಲ್ಲಿ 0.9 ಇತ್ತು. ಕಾಯಿಲ್ ಬಿಸಿ ಆದಂಗ ಅದರ ರೆಸಿಸ್ಟೆನ್ಸ್ ಏರ್ತದ, ಕರೆಂಟ್ ಕಮ್ಮಿ ಹೋಗ್ತದ, ಎಳೆಯೋ ಶಕ್ತಿ ಕುಗ್ತದ. ಬೆಳಿಗ್ಗೆ ಅಷ್ಟು ದೂರ ಇದ್ರೂ ಎಳಕೋತಿತ್ತು, ಮಧ್ಯಾಹ್ನ ಆಗ್ತಿರ್ಲಿಲ್ಲ. ಮೀಟರ್ ಹಚ್ಚಿದಾಗ ಬಿಸಿಯಾಗಿ 4.4 ಓಮ್ ಇತ್ತು, ತಣ್ಣಗಾದ ಮ್ಯಾಲ 3.6, ಅಂದ್ರ ಕಾಯಿಲ್ ಸುಟ್ಟಿಲ್ಲ, ಅದೂ ಬದಲಿ ಬ್ಯಾಡ. ಗರಗರ ಸಪ್ಪಳ ಪುಲ್ಲಿ ಬೇರಿಂಗ್‌ದು, ಎಸಿ ಬಂದ್ ಇದ್ರೂ ಯಾಕ ಬರ್ತಿತ್ತು ಅನ್ನೂದಕ್ಕೂ ಉತ್ತರ ಸಿಕ್ತು.

ಈ ಪುಲ್ಲಿ, ಪ್ಲೇಟ್, ಕಾಯಿಲ್ ಕೂಡಿದ್ದಕ್ಕ ಕ್ಲಚ್ ಅಂತಾರ, ಅದನ್ನ ಬಿಚ್ಚಲಿಕ್ಕೆ ಗ್ಯಾಸ್ ಲೈನ್ ತೆಗೀಬೇಕಾಗಿಲ್ಲ, ಅದನ್ನ ಅವರೇ ಮೊದಲು ಹೇಳಿದ್ರು, ಎಷ್ಟೋ ಕಡೆ ಸುಮ್ನ ಗ್ಯಾಸ್ ಬಿಟ್ಟು ಮತ್ತ ತುಂಬಿ ಬಿಲ್ ಹಾಕ್ತಾರ. ಗಾಡಿ ಜಾಕ್ ಮ್ಯಾಲ ಎತ್ತಿ, ನಡುವಿನ ಬೋಲ್ಟ್ ತೆಗದು, ಸರ್ಕ್ಲಿಪ್ ತೆಗದು, ಪುಲ್ಲರ್ ಹಚ್ಚಿ ಪುಲ್ಲಿ ಹೊರಗ ತಗೊಂಡ್ರು. ಹಳೇ ಬೇರಿಂಗ್ ನನ್ನ ಕೈಯಾಗ ಕೊಟ್ರು, ಬೆರಳಿಲೆ ತಿರುಗಿಸಿದ್ರ ಒಳಗ ಮರಳು ಹಾಕಿದಂಗ ಹತ್ತತಿತ್ತು, ಗ್ರೀಸ್ ಪೂರ್ತಿ ಒಣಗಿತ್ತು. ಅದರ ಮ್ಯಾಲಿನ 35, 52, 20 ಮಿಲಿಮೀಟರ್ ಸೈಜ್ (ಒಳಗಿನ ಅಡ್ಡಳತಿ, ಹೊರಗಿನ ಅಡ್ಡಳತಿ, ದಪ್ಪ) ನೋಡಿ ಪುಣೆಯ ಬಿಡಿಭಾಗದ ಪ್ಯಾಟಿ ನಾನಾ ಪೇಠದಿಂದ ಹೊಸಾದು ತರಿಸಿದ್ರು. ಪ್ರೆಸ್‌ದಾಗ ಕೂಡಿಸಿದ್ರು, ಸುತ್ತಿಗಿ ಮುಟ್ಟಲಿಲ್ಲ. ಪ್ಲೇಟ್ ಹಿಂದಿನ ತೆಳುವಾದ ಶಿಮ್ ವಾಷರ್ ಒಂದು ತೆಗದು ಗ್ಯಾಪ್ 0.45ಕ್ಕ ತಂದ್ರು, ಸುತ್ತಲೂ ಎಲ್ಲಾ ಕಡೆ ಫೀಲರ್ ಹಾಕಿ ಸಮ ಅದನೋ ಇಲ್ಲೋ ನೋಡಿದ್ರು. ಬಿರುಕು ಬಿಟ್ಟ ಬೆಲ್ಟ್ ಸುದ್ದಾ ಬದಲಿ ಮಾಡಿ ಬಿಲ್ 3,000 ಆತು. ಎಲ್ಲಿ 28,000, ಎಲ್ಲಿ 3,000!

ಹಂಗಂತ ಇವ್ರು ಎಲ್ಲಾದಕ್ಕೂ ಸಸ್ತಾದಾಗ ಮುಗಿಸ್ತಾರ ಅಂತ ತಿಳ್ಕೋಬ್ಯಾಡ್ರಿ. ಚಿಂಚ್ವಡದಾಗ ಇರೋ ನಮ್ಮ ಮಾಮಾರ ಗಾಡಿದು ಪೂರಾ ಉಲ್ಟಾ ಆತು. ಅವರದು ಕಂಪ್ರೆಸರ್ ಖರೇನ ಜಾಮ್ ಆಗಿತ್ತು, ಮೊದಲಿನದು ಕೆಟ್ಟಾಗ ಬ್ಯಾರೆ ಕಡೆ ರಿಪೇರಿ ಮಾಡಿದ ಹಳೇ ಕಂಪ್ರೆಸರ್ ಒಂದು ಕೂಡಿಸಿದ್ರು, ಅದು ಒಂದು ಬ್ಯಾಸಿಗಿ ಸುದ್ದಾ ದಾಟಲಿಲ್ಲ. ಇಲ್ಲಿ ಪೈಪ್ ಬಿಚ್ಚಿದಾಗ ಎಣ್ಣಿ ಕಪ್ಪಗ ಬಂತು, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ್ರ ಬೆಳ್ಳಿ ಪುಡಿಯಂಗ ಮಿಂಚ್ತಿತ್ತು. ಅದು ಮೊದಲಿನ ಕಂಪ್ರೆಸರ್ ಸವದು ಉದುರಿದ ಚೂರು, ಬಿಸಿ ಗ್ಯಾಸ್ ತಣ್ಣಗ ಮಾಡೋ ಮುಂದಿನ ಜಾಳಿಗಿ ಅಂದ್ರ ಕಂಡೆನ್ಸರ್‌ದಾಗ ಕೂತಿದ್ದು ಎಣ್ಣಿ ಜೊತಿ ತಿರುಗಿ ಬಂದು ಎರಡನೇ ಕಂಪ್ರೆಸರ್‌ನೂ ತಿಂದದ. ಈಗಿನ ಕಂಡೆನ್ಸರ್ ನಳಿಗಿ ಅಷ್ಟು ಸಣ್ಣವು, ಫ್ಲಶ್ ಮಾಡಿದ್ರೂ ಪೂರ್ತಿ ಸ್ವಚ್ಛ ಆಗಂಗಿಲ್ಲ. ಕಾಕಾ ಸೀದಾ ಹೇಳಿದ್ರು, ಕಂಪ್ರೆಸರ್ ಜೊತಿ ಕಂಡೆನ್ಸರ್, ಡ್ರೈಯರ್ (ಗ್ಯಾಸಿನ ತೇವ ಹೀರೋದು), ಎಕ್ಸ್‌ಪ್ಯಾನ್ಶನ್ ವಾಲ್ವ್ (ಒಳಗ ಹೋಗೋ ಗ್ಯಾಸ್ ಅಳತಿ ಮಾಡಿ ಬಿಡೋದು) ಮೂರೂ ಹೊಸಾವು ಹಾಕ್ಬೇಕು, ಬರೇ ಕಂಪ್ರೆಸರ್ ಹಾಕು ಅಂದ್ರ ನಾ ಮಾಡಂಗಿಲ್ಲ, ಬ್ಯಾರೆ ಕಡೆ ಹೋಗ್ರಿ. ಮಾಮಾ ಮೊದಲು ಸಿಟ್ಟಾದ್ರು, ಆಮೇಲೆ ಒಪ್ಪಿದ್ರು. ನೈಟ್ರೋಜನ್ ತುಂಬಿ ಲೀಕ್ ನೋಡಿದ್ರು, 45 ನಿಮಿಷ ವ್ಯಾಕ್ಯೂಮ್ ಎಳದು ಒಳಗಿನ ಗಾಳಿ, ತೇವ ತೆಗದ್ರು, ಪಂಪ್ ಬಂದ್ ಮಾಡಿ ಮುಳ್ಳು ಸರೀತದೇನು ಅಂತ ಕಾದು ನೋಡಿದ್ರು, ಆಮೇಲೆ ಗಾಡಿ ಸ್ಟಿಕರ್ ಮ್ಯಾಲ ಎಷ್ಟು ಗ್ರಾಂ ಬರ್ದಿತ್ತೋ ಅಷ್ಟೇ ಆರ್134ಎ ಅನ್ನೋ ಎಸಿ ಗ್ಯಾಸ್ ತೂಗಿ ಹಾಕಿದ್ರು. ಪಿಎಜಿ ಅನ್ನೋ ಎಸಿ ಎಣ್ಣಿ ಸುದ್ದಾ ಕಂಪ್ರೆಸರ್‌ಗೆ ಹೊಂದೋ ಗ್ರೇಡೇ ನೋಡಿ ಹಾಕಿದ್ರು.

ಈ ತೂಕದ ಮಾತು ನನಗ ಭಾಳ ಮಹತ್ವದ್ದು ಅನಸ್ತದ. ಗ್ಯಾಸ್ ಪೆಟ್ರೋಲ್ ಅಲ್ರಿ ಖರ್ಚಾಗ್ಲಿಕ್ಕೆ, ಬಂದ್ ಸಿಸ್ಟಮ್ ಒಳಗ ಅದೇ ತಿರುಗ್ತಿರ್ತದ. ಪ್ರತಿ ಬ್ಯಾಸಿಗಿಗೆ ಗ್ಯಾಸ್ ತುಂಬಿಸ್ರಿ ಅಂತ ಯಾರರ ಹೇಳಿದ್ರ ಲೀಕ್ ಎಲ್ಲದ ಅಂತ ಮೊದಲು ಕೇಳ್ರಿ, ಗ್ಯಾಸ್ ಕಮ್ಮಿ ಆತಂದ್ರ ಎಣ್ಣಿ ಸರಿ ತಿರುಗಂಗಿಲ್ಲ, ಕಂಪ್ರೆಸರ್ ಒಣಗಿ ಸಾಯ್ತದ. ಹಳೇ ಗ್ಯಾಸ್ ಗಾಳಿಗೆ ಬಿಡೂದಂತೂ ಪಾಪದ ಕೆಲಸ, ಒಂದು ಕಿಲೋ ಆರ್134ಎ ಒಂದು ಟನ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿ ಬಿಸಿ ಮಾಡ್ತದ. ಇವರ ಕಡೆ ರಿಕವರಿ ಮಶೀನ್ ಅದ, ಜಗ್ಗಿ ಸಿಲಿಂಡರ್‌ದಾಗ ಇಡ್ತಾರ. ಚಳಿಗಾಲದಾಗ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಚ್ರಿ, ಗ್ಯಾಸ್ ಸೋರದಂಗ ತಡೆಯೋ ಶಾಫ್ಟ್ ಸೀಲ್ ಒಣಗಬಾರ್ದು ಅಂತ ಹುಡುಗ ಹೇಳಿ ಕಳಿಸಿದ.

ಅರ್ಧ ಸ್ಟಾರ್ ಎಲ್ಲಿ ಹೋತಂದ್ರ, ಕೂಡ್ಲಿಕ್ಕೆ ಜಾಗ ಇಲ್ಲ, ಗಾಳಾ ಮುಂದ ನೆರಳಿಲ್ಲ, ಹಿರೇರನ್ನ ಕರ್ಕೊಂಡು ಹೋಗಬ್ಯಾಡ್ರಿ. ಫೋನ್ ಒಮ್ಮೊಮ್ಮೆ ಎತ್ತಂಗಿಲ್ಲ. ಜಿಎಸ್‌ಟಿ ಬಿಲ್ ಕೇಳಿ ಇಸ್ಕೋಬೇಕು, ಕೇಳಿದ್ರ ಕೊಡ್ತಾರ. ಸಾಮಾನು ಸ್ಟಾಕ್ ಇಟ್ಟಿರಂಗಿಲ್ಲ, ಪೇಠದಿಂದ ಬರೂತನಕ ಗಾಡಿ ಅಲ್ಲೇ ಬಿಡಬೇಕು. ಕಂಪ್ರೆಸರ್ ಹೊಸಾದು ಹಾಕೋದಿದ್ರ ಡೆನ್ಸೋ, ಸ್ಯಾಂಡೆನ್, ಸುಬ್ರೋಸ್ ಹಿಂಗ ಗಾಡಿಗೆ ಬಂದಿದ್ದ ಕಂಪನಿದೇ ತರಿಸ್ತಾರ, ಡಬ್ಬಿ ನಿಮ್ಮ ಎದುರಿಗೇ ಒಡೀತಾರ, ವಾರಂಟಿ ಕಾರ್ಡ್ ಜೋಪಾನ ಇಟ್ಕೋರಿ.

ಹೋಗೋದಿದ್ರ ವಾರದ ದಿನ ಮಧ್ಯಾಹ್ನ ಹೋಗ್ರಿ, ರವಿವಾರ ಭಾಳ ಗದ್ದಲ ಇರ್ತದ. ಗುರುವಾರ ಮಾತ್ರ ಬ್ಯಾಡ, ಮೇಂಟೆನೆನ್ಸ್ ಅಂತ ಲೈಟ್ ತೆಗೀತಾರ, ಲೈಟ್ ಇಲ್ದ ವ್ಯಾಕ್ಯೂಮ್ ಪಂಪ್ ನಡಿಯಂಗಿಲ್ಲ.