ಕೊರಿಂತೊದಿಂದ ಗ್ರನಾಡಾ ಟೂರ್ ಬುಕ್ ಮಾಡುವ ಮೊದಲು ಗಂಟೆ ಲೆಕ್ಕ ಹಾಕಿ

ಪನಾಮಾ ಕಾಲುವೆ ದಾಟುವ ಕೆಲವು ಕ್ರೂಸ್ ಹಡಗುಗಳು ನಿಕರಾಗುವಾ ದೇಶದ ಕೊರಿಂತೊ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತವೆ. ಅಮೆರಿಕದಲ್ಲಿರುವ ನಮ್ಮವರು ಊರಿಂದ ಬಂದ ಅಪ್ಪ ಅಮ್ಮನನ್ನು ಇಂಥ ಹಡಗಿಗೆ ಕರೆದುಕೊಂಡು ಹೋಗುವುದು ಈಗ ಜಾಸ್ತಿ ಆಗಿದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕೊರಿಂತೊದಲ್ಲಿ ‘ಹಳೆಯ ಗ್ರನಾಡಾ ಮತ್ತು ಸರೋವರ’ ಅಂತ ಇಡೀ ದಿನದ ಟೂರ್ ಮಾರಿದರೆ ದಯವಿಟ್ಟು ಕೊಳ್ಳಬೇಡಿ.

ಗ್ರನಾಡಾ ನೋಡಲೇಬೇಕಾದ ಊರು, ಅದರಲ್ಲಿ ಎರಡು ಮಾತಿಲ್ಲ. 1524ರಲ್ಲಿ ಸ್ಪೇನಿನವರು ಕಟ್ಟಿದ್ದು. 1856ರಲ್ಲಿ ವಿಲಿಯಂ ವಾಕರ್ ಎಂಬ ಅಮೆರಿಕನ್ನನ ಪಡೆ ಅದನ್ನು ಸುಟ್ಟು ಹಾಕಿ, ‘ಇಲ್ಲಿ ಗ್ರನಾಡಾ ಇತ್ತು’ ಅಂತ ಬರೆದು ನೆಟ್ಟು ಹೋಯಿತು. ಜನ ಮತ್ತೆ ಕಟ್ಟಿಕೊಂಡರು. ಹಳದಿ ಬಣ್ಣದ ದೊಡ್ಡ ಚರ್ಚು, ಒಳಾಂಗಣದ ತೊಟ್ಟಿ ಮನೆಗಳು, ಹಿಂದೆ ಮೊಂಬಾಚೊ ಜ್ವಾಲಾಮುಖಿ. ಊರಿನ ಬದಿಗೇ ನಿಕರಾಗುವಾ ಸರೋವರ. ಅದರ ವಿಸ್ತಾರ 8,000 ಚದರ ಕಿಲೋಮೀಟರಿಗೂ ಹೆಚ್ಚು, ಆಚೆ ದಡ ಕಾಣುವುದಿಲ್ಲ. ಹಿಂದೆ ಯಾವಾಗಲೋ ಮೊಂಬಾಚೊದ ಒಂದು ಮಗ್ಗುಲು ಕುಸಿದು ನೀರಿಗೆ ಬಿದ್ದು ನೂರಾರು ಪುಟ್ಟ ದ್ವೀಪಗಳಾಗಿವೆ. ಆ ದ್ವೀಪಗಳ ನಡುವೆ ದೋಣಿಯಲ್ಲಿ ಹೋಗುವ ಆಸೆಗೇ ನಾವು ಈ ಟೂರ್ ತೆಗೆದುಕೊಂಡದ್ದು.

ತೊಂದರೆ ಇರುವುದು ದೂರದಲ್ಲಿ. ಕೊರಿಂತೊದಿಂದ ಗ್ರನಾಡಾಗೆ ಸುಮಾರು 200 ಕಿಲೋಮೀಟರ್. ರಾಜಧಾನಿ ಮನಾಗುವಾದ ಟ್ರಾಫಿಕ್ ದಾಟಿಯೇ ಹೋಗಬೇಕು. ಒಂದು ಕಡೆಗೆ ಮೂರು ಗಂಟೆ ಹಿಡಿಯಿತು. ಹೋಗಿ ಬರುವುದಕ್ಕೇ ಆರು ಗಂಟೆ ಹೋದರೆ ಉಳಿಯುವುದೆಷ್ಟು? ಬಸ್ಸಿನಲ್ಲಿ ಟಾಯ್ಲೆಟ್ ಇರಲಿಲ್ಲ. ಅಮ್ಮನಿಗೆ ಮಂಡಿ ನೋವು, ಕಾಲು ಮಡಚಿಕೊಂಡೇ ಕೂತಿದ್ದರು. ದಾರಿಯಲ್ಲಿ ಒಂದು ಕರಕುಶಲ ಅಂಗಡಿಯ ಮುಂದೆ ಬಸ್ ನಿಲ್ಲಿಸಿದರು. ಯಾರೂ ಕೇಳಿರಲಿಲ್ಲ. ಆಮೇಲೆ ಊಟ. ಸಸ್ಯಾಹಾರ ಅಂತ ಮೊದಲೇ ಬರೆಸಿದ್ದೆವು, ಆದರೂ ಅಮ್ಮನ ತಟ್ಟೆಗೆ ಬಂದದ್ದು ಬರೀ ಅನ್ನ, ಎಲೆಕೋಸು. ಹುರುಳಿಕಾಯಿಯಂಥ ಕಾಳಿನ ಪಲ್ಯಕ್ಕೆ ಹಂದಿ ಕೊಬ್ಬು ಹಾಕಿದ್ದಾರೆ ಅಂತ ಅಲ್ಲಿನವರೇ ಹೇಳಿದರು.

ಊರಿನಲ್ಲಿ ಸಿಕ್ಕಿದ್ದು ಮುಕ್ಕಾಲು ಗಂಟೆ. ಸುಡು ಬಿಸಿಲಲ್ಲಿ ಫಲಕ ಹಿಡಿದ ಗೈಡ್ ಹಿಂದೆ ಓಡಿದೆವು. ಚರ್ಚಿನ ಒಳಗೆ ಹೋಗಲಿಲ್ಲ. ಸಪಾತೇರಾ ದ್ವೀಪದ ಹಳೆಯ ಕಲ್ಲಿನ ಮೂರ್ತಿಗಳಿರುವ ಸಾನ್ ಫ್ರಾನ್ಸಿಸ್ಕೊ ಮಠವನ್ನು ಬೀದಿಯಿಂದಲೇ ತೋರಿಸಿದರು. ಕೊನೆಗೆ ಗೈಡ್, “ಹೊತ್ತಾಯಿತು, ದೋಣಿ ಆಗುವುದಿಲ್ಲ” ಅಂದುಬಿಟ್ಟರು. ದಡದಲ್ಲಿ ಇಳಿಸಿ ಫೋಟೋ ತೆಗೆದುಕೊಳ್ಳಿ ಅಂದರು, ಅಷ್ಟೇ.

“ಊರು ನೋಡೋಕೆ ಬಂದ್ವಾ, ಬಸ್ಸಲ್ಲಿ ಕೂರೋಕೆ ಬಂದ್ವಾ ಕಣೇ?” ಅಂದರು ಅಮ್ಮ. ನನಗೆ ಉತ್ತರ ಹೊಳೆಯಲಿಲ್ಲ.

ಹಡಗಿಗೆ ವಾಪಸ್ ಬಂದು ಟೂರ್ ಡೆಸ್ಕಿನಲ್ಲಿ ಕೇಳಿದೆ. ಪಟ್ಟಣವನ್ನೂ ಸರೋವರವನ್ನೂ ತೋರಿಸಿದ್ದೇವೆ, ಕಾರ್ಯಕ್ರಮ ಬದಲಾಗಬಹುದು ಅಂತ ಷರತ್ತಿನಲ್ಲೇ ಇದೆ ಅಂದರು. ಒಂದು ಡಾಲರೂ ಬರಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಹಣಕ್ಕಲ್ಲ. ಆರು ಗಂಟೆ ಬಸ್ಸು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ಜಾಹೀರಾತಿನಲ್ಲಿ ಒಂದು ಸಾಲು ಬರೆದಿದ್ದರೆ ಎಷ್ಟೋ ವಯಸ್ಸಾದವರು ಆ ಸಂಕಟಕ್ಕೆ ಸಿಗುತ್ತಿರಲಿಲ್ಲ.

ಇನ್ನೂ ಬೇಸರದ ಸಂಗತಿ, ಆ ಬಸ್ಸು ಹೋಗುವಾಗ ಬರುವಾಗ ಲಿಯೋನ್ ನಗರದ ಪಕ್ಕದಲ್ಲೇ ಹಾದುಹೋಗುತ್ತದೆ. ಅದೂ ಗ್ರನಾಡಾದಷ್ಟೇ ಹಳೆಯ ಹೆಸರಿನ ಊರು. ಅಲ್ಲಿನ ಕ್ಯಾಥೆಡ್ರಲ್ 2011ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕವಿ ರೂಬೆನ್ ದಾರಿಯೊ ಸಮಾಧಿ ಅದರೊಳಗೇ ಇದೆ. ಬಿಳಿ ಬಣ್ಣದ ಅದರ ಚಾವಣಿ ಮೇಲೆ ನಡೆದಾಡಬಹುದು. ಬಂದರಿನಿಂದ ಸುಮಾರು ಒಂದು ಗಂಟೆ ದಾರಿ. ಕೊರಿಂತೊದಲ್ಲಿ ಇಳಿಯುವವರು ಲಿಯೋನಿಗೇ ಹೋಗಿ. ಗ್ರನಾಡಾನೇ ಬೇಕು ಅಂದರೆ ಅದೇ ದೇಶದ ಇನ್ನೊಂದು ಬಂದರು ಸಾನ್ ಹ್ವಾನ್ ದೆಲ್ ಸೂರ್‌ನಲ್ಲಿ ನಿಲ್ಲುವ ಹಡಗು ಹುಡುಕಿ. ಅಲ್ಲಿಂದ ದೂರ ಅರ್ಧದಷ್ಟು. ಆದರೆ ಅಲ್ಲಿ ಹಡಗು ಕೊಲ್ಲಿಯಲ್ಲೇ ಲಂಗರು ಹಾಕುತ್ತದೆ. ಚಿಕ್ಕ ದೋಣಿಯಲ್ಲಿ ದಡಕ್ಕೆ ಬರಬೇಕು, ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗಾಗಲೇ ಬುಕ್ ಮಾಡಿದ್ದರೆ ಇವತ್ತೇ ಡೆಸ್ಕಿಗೆ ಹೋಗಿ. ಬಸ್ಸಿನಲ್ಲಿ ಎಷ್ಟು ಗಂಟೆ, ದೋಣಿಯಲ್ಲಿ ಎಷ್ಟು ನಿಮಿಷ, ದೋಣಿ ತಪ್ಪಿದರೆ ಹಣ ವಾಪಸ್ ಉಂಟಾ, ಬರವಣಿಗೆಯಲ್ಲಿ ಕೇಳಿ. ತಡವರಿಸಿದರೆ ರದ್ದು ಮಾಡಿಸಿ. ಸಾಮಾನ್ಯವಾಗಿ ಬಂದರು ತಲುಪುವ ಒಂದೆರಡು ದಿನ ಮೊದಲಿನವರೆಗೆ ಪೂರ್ತಿ ಹಣ ಕೊಡುತ್ತಾರೆ, ಆಮೇಲೆ ಕೊಡುವುದಿಲ್ಲ.