ಕಪ್ಪು ಗ್ರಾನೈಟ್ ಎಂದು ಬಣ್ಣ ಕುಡಿಸಿದ ಕಲ್ಲು ಮಾರುತ್ತಿದ್ದಾರೆ, ಮನೆ ಕಟ್ಟಿಸುವವರೇ ಎಚ್ಚರ

ಕೊಪ್ಪಳ, ಭಾಗ್ಯನಗರ, ಗಂಗಾವತಿ, ಕುಷ್ಟಗಿ ಕಡೆ ಯಾರಾದರೂ ಈಗ ಮನೆ ಕಟ್ಟಿಸುತ್ತಿದ್ದರೆ, ಅಡುಗೆಮನೆಯ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸುವ ಯೋಚನೆ ಇದ್ದರೆ, ದಯವಿಟ್ಟು ಮುಂಗಡ ಕೊಡುವ ಮೊದಲು ಇದನ್ನು ಓದಿ. ನಮಗೆ ಕಪ್ಪು ಗ್ರಾನೈಟ್ ಎಂದು ಕೊಟ್ಟದ್ದು ಕಪ್ಪು ಗ್ರಾನೈಟ್ ಅಲ್ಲವೇ ಅಲ್ಲ. ಬೂದು ಬಣ್ಣದ ಅಗ್ಗದ ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ, ಮೇಲೆ ಹೊಳಪು ಕೊಟ್ಟು, ಇಮ್ಮಡಿ ದರಕ್ಕೆ ಮಾರಿದ್ದಾರೆ. ಆ ಬಣ್ಣ ನಮ್ಮ ರೊಟ್ಟಿಗೆ ಹತ್ತಿದೆ. ಮಕ್ಕಳು ತಿನ್ನುವ ರೊಟ್ಟಿಗೆ! ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ಅಂಗಡಿಯ ಹೆಸರು ಬರೆಯುವುದಿಲ್ಲ, ವಿಷಯ ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ. ಆದರೆ ಇಂಥ ಕಲ್ಲು ಒಂದೇ ಅಂಗಡಿಯಲ್ಲಿ ಇರುತ್ತದೆ ಎಂದು ನೀವು ನಿಶ್ಚಿಂತರಾಗಬೇಡಿ.

ನಾವು ಕಣ್ಣು ಮುಚ್ಚಿಕೊಂಡು ಕಲ್ಲು ಆರಿಸಿದವರಲ್ಲ. ಹಳೆಯ ಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ ಇತ್ತು. ಕಡಪ ಎಂದರೆ ಸುಣ್ಣದ ಕಲ್ಲಿನ ಜಾತಿ, ನಿಂಬೆರಸ ಬಿದ್ದರೆ, ಹುಣಸೆ ನೀರು ಚೆಲ್ಲಿದರೆ ಅದರ ಹೊಳಪು ಅಲ್ಲಿಗೇ ಮುಗಿಯಿತು. ಅತ್ತೆಯವರು ವರ್ಷಗಟ್ಟಲೆ ಆ ಕಟ್ಟೆಯನ್ನು ತಿಕ್ಕಿ ತಿಕ್ಕಿ ಬೇಸತ್ತಿದ್ದರು. ಮಾರ್ಬಲ್ ನೋಡಲು ಚೆಂದ, ಆದರೆ ಅದೂ ಸುಣ್ಣದ ಬಳಗದ್ದೇ. ಹುಳಿ ತಾಗಿದಲ್ಲಿ ಸವೆಯುತ್ತದೆ, ಅರಿಶಿನ ಹೀರುತ್ತದೆ. ಈಗ ಎಲ್ಲರೂ ಹೇಳುವ ಕ್ವಾರ್ಟ್ಜ್ ಹಲಗೆಯನ್ನೂ ವಿಚಾರಿಸಿದೆವು. ಅದು ಕಾರ್ಖಾನೆಯಲ್ಲಿ ಕಲ್ಲಿನ ಪುಡಿಗೆ ರಾಳ ಬೆರೆಸಿ ಒತ್ತಿ ಮಾಡಿದ್ದು. ಕಲೆ ಹಿಡಿಯುವುದಿಲ್ಲ, ಒರೆಸುವುದು ಸುಲಭ, ನಿಜ. ಆದರೆ ಕಾದ ರೊಟ್ಟಿ ಹಂಚನ್ನು ಇಳಿಸಿ ನೇರವಾಗಿ ಅದರ ಮೇಲೆ ಇಟ್ಟರೆ ರಾಳ ಸುಟ್ಟು ಗುರುತು ಬೀಳುತ್ತದೆ. ದಿನವೂ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚು ಎಲ್ಲಿಡಬೇಕು ಎಂದು ಕಾಯುತ್ತಾ ಕೂರಲು ಆಗುತ್ತದೆಯೇ? ಹಾಗಾಗಿ ಗ್ರಾನೈಟ್ ಎಂದು ತೀರ್ಮಾನಿಸಿದೆವು. ಅದು ಸರಿಯಾದ ತೀರ್ಮಾನವೇ. ಗಟ್ಟಿ ಕಲ್ಲು, ಚಾಕುವಿನ ಗೀರು ಬೀಳುವುದಿಲ್ಲ, ಬಿಸಿ ತಡೆಯುತ್ತದೆ, ಹುಳಿಗೆ ಜಗ್ಗುವುದಿಲ್ಲ. ಕಪ್ಪು ಬೇಕೆಂದದ್ದು ಎಣ್ಣೆಯ ಕಲೆ ಎದ್ದು ಕಾಣಬಾರದು ಎಂದು.

ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಸ್ಲ್ಯಾಬುಗಳಲ್ಲಿ ಒಂದನ್ನು ತೋರಿಸಿದರು. ಮುಖ ಕಾಣುವಷ್ಟು ಹೊಳಪು, ಒಂದು ಚುಕ್ಕೆಯೂ ಇಲ್ಲದ ಕಪ್ಪು. "ಚಾಮರಾಜನಗರದ ಕಲ್ಲು ಅಕ್ಕಾ, ಇದಕ್ಕಿಂತ ಮೇಲಿನದು ಇಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತದೆ" ಎಂದರು. ಚಾಮರಾಜನಗರದ ಕಡೆ ಒಳ್ಳೆಯ ಕಪ್ಪು ಕಲ್ಲು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಊರಿನ ಹೆಸರು ಹೇಳಿದರೆ ಯಾರು ತಾನೇ ಅನುಮಾನ ಪಡುತ್ತಾರೆ? ಕುಡಿಯುತ್ತಿದ್ದ ಚಹಾವನ್ನೇ ಸ್ವಲ್ಪ ಸ್ಲ್ಯಾಬಿನ ಮೇಲೆ ಸುರಿದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, "ನೋಡಿ, ಒಂದು ಸಲ ಒರೆಸಿದರೆ ಸಾಕು" ಎಂದು ತೋರಿಸಿದರು. ಬೂದು ಕಲ್ಲು ಚದರ ಅಡಿಗೆ 95 ರೂಪಾಯಿ, ಇದು 190. ಮೋಲ್ಡಿಂಗ್, ಸಿಂಕ್ ಕೊರೆಯುವುದು, ಕೂರಿಸುವ ಕೂಲಿ, ಸಾಗಣೆ ಎಲ್ಲ ಸೇರಿ 16,000 ದಾಟಿತು. ಕೊಟ್ಟೆವು. ಬಿಲ್ ಕೇಳಿದ್ದಕ್ಕೆ "ಕೂರಿಸಿದ ಮೇಲೆ ಅಳತೆ ನೋಡಿ ಪಕ್ಕಾ ಬಿಲ್ ಕೊಡುತ್ತೇನೆ" ಎಂದು ಒಂದು ಎಸ್ಟಿಮೇಟ್ ಚೀಟಿ ಬರೆದುಕೊಟ್ಟರು. ಅದರಲ್ಲಿ "ಕಪ್ಪು ಸ್ಲ್ಯಾಬ್" ಎಂದಷ್ಟೇ ಇದೆ. ಗ್ರಾನೈಟ್ ಎಂಬ ಪದವೂ ಇಲ್ಲ! ಆ ಪಕ್ಕಾ ಬಿಲ್ ಇಂದಿಗೂ ಬಂದಿಲ್ಲ.

ಕೂರಿಸಲು ಬಂದ ಹುಡುಗರು ಅಂಗಳದಲ್ಲಿ ಕೊರೆದು, ಅಂಚನ್ನು ದುಂಡಗೆ ಮಾಡಿ, ಕೊನೆಗೆ ಒಂದು ಸಣ್ಣ ಡಬ್ಬಿಯಿಂದ ಏನನ್ನೋ ಬಟ್ಟೆಗೆ ಹಚ್ಚಿಕೊಂಡು ಆ ಅಂಚಿಗೆಲ್ಲ ತಿಕ್ಕುತ್ತಿದ್ದರು. ಅವರ ಬೆರಳುಗಳೆಲ್ಲ ಕಪ್ಪಾಗಿದ್ದವು. "ಏನಪ್ಪಾ ಅದು?" ಎಂದು ಕೇಳಿದೆ. "ಪಾಲಿಶ್ ಅಕ್ಕಾ, ಎಲ್ಲರ ಮನೆಯಲ್ಲೂ ಹಾಕುತ್ತೇವೆ" ಎಂದ ಒಬ್ಬ. ಇನ್ನೊಬ್ಬ ತಲೆ ಎತ್ತಲೇ ಇಲ್ಲ. ಆ ತಲೆ ಎತ್ತದ ಹುಡುಗನ ಮುಖ ಈಗ ಪದೇ ಪದೇ ನೆನಪಾಗುತ್ತದೆ. ಅವನಿಗೆ ಗೊತ್ತಿತ್ತು.

ಗೃಹಪ್ರವೇಶಕ್ಕೆ ಬಂದವರೆಲ್ಲ ಕಟ್ಟೆಯನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ನಾದಿನಿ ತನ್ನ ಮನೆಗೂ ಇದನ್ನೇ ಹಾಕಿಸಬೇಕೆಂದು ಅಂಗಡಿಯ ವಿಳಾಸ ಬರೆದುಕೊಂಡು ಹೋದಳು.

ಮೊದಲು ಕಂಡದ್ದು ಅತ್ತೆಯವರಿಗೆ. ಅವರು ರೊಟ್ಟಿಯನ್ನು ಕಟ್ಟೆಯ ಮೇಲೆಯೇ ಬಡಿಯುತ್ತಾರೆ, ಕೆಳಗೆ ಹಿಟ್ಟು ಉದುರಿಸಿಕೊಂಡು. ಒಂದು ಬೆಳಿಗ್ಗೆ ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವ ಮೊದಲು ಹಾಗೆಯೇ ಕೈಯಲ್ಲಿ ಹಿಡಿದು ನಿಂತುಬಿಟ್ಟರು. ಬಿಳಿ ಜೋಳದ ರೊಟ್ಟಿ, ಅದರ ಅಡಿ ಭಾಗದಲ್ಲಿ ಮಸಿ ಒರೆಸಿದ ಹಾಗೆ ಬೂದು ಛಾಯೆ. ಹಿಟ್ಟಿನಲ್ಲೇ ಏನೋ ಬಂದಿದೆ ಎಂದು ಗಿರಣಿಯವನನ್ನು ಬೈದೆವು. ಪಾಪ, ಅವನದೇನೂ ಇರಲಿಲ್ಲ. ಜರಡಿ ಹಿಡಿದು ನೋಡಿದೆವು, ಹಿಟ್ಟು ಬೆಳ್ಳಗೇ ಇದೆ. ಕಟ್ಟೆಯ ಮೇಲೆ ಬಡಿದರೆ ಮಾತ್ರ ರೊಟ್ಟಿ ಬೂದು.

ಆಮೇಲೆ ನಿಂಬೆಹಣ್ಣು ಹೋಳು ಮಾಡಿ ಇಟ್ಟ ಜಾಗದಲ್ಲಿ ದುಂಡಗೆ ಮಾಸಲು ಕಲೆ ಬಿತ್ತು. ಗ್ಯಾಸ್ ಒಲೆಯ ಪಕ್ಕ, ದಿನವೂ ಹೆಚ್ಚು ಒರೆಸುವ ಕಡೆ, ಕಪ್ಪು ತಿಳಿಯಾಗುತ್ತಾ ಬಂತು. ಒರೆಸಿದಷ್ಟೂ ತಿಳಿಯಾಗುತ್ತದೆ. ಒರೆಸದಿದ್ದರೆ ಎಣ್ಣೆ ಕೂರುತ್ತದೆ. ಸ್ವಚ್ಛ ಮಾಡಲು ಸುಲಭ ಎಂದು ಹಣ ಕೊಟ್ಟು ತಂದ ಕಲ್ಲನ್ನು ಒರೆಸಲು ಹೆದರುವ ಪರಿಸ್ಥಿತಿ!

ಸಿಂಕಿಗಾಗಿ ಕೊರೆದು ತೆಗೆದ ತುಂಡು ಹಿತ್ತಲಲ್ಲಿ ಬಿದ್ದಿತ್ತು. ಆ ತೂತಿಗೂ ಚದರ ಅಡಿಯ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡಿದ್ದರಿಂದ, ತುಂಡು ನಮ್ಮದೇ ಎಂದು ಹಟ ಹಿಡಿದು ಇಟ್ಟುಕೊಂಡಿದ್ದೆ. ಬಟ್ಟೆ ಒಗೆಯುವ ಕಡೆ ಹಾಕಿಸೋಣ ಎಂದು ಅದನ್ನು ಎತ್ತುವಾಗ ಜಾರಿ ಬಿದ್ದು ಮೂಲೆ ಒಡೆಯಿತು. ಒಡೆದ ಜಾಗ ನೋಡಿದೆ. ಒಳಗೆಲ್ಲ ಬೂದು. ಬಿಳಿ ಹರಳು, ಬೂದು ಹರಳು, ಅಲ್ಲಲ್ಲಿ ಅಭ್ರಕದ ಮಿಂಚು. ಮೇಲ್ಮೈಯಲ್ಲಿ ಮಾತ್ರ, ಉಗುರಿನ ದಪ್ಪವೂ ಇಲ್ಲದ ಒಂದು ಕಪ್ಪು ಗೆರೆ. ನಿಜವಾದ ಕಪ್ಪು ಕಲ್ಲು ಒಡೆದರೆ ಒಳಗೂ ಕಪ್ಪೇ ಇರಬೇಕು. ಅದಕ್ಕೆ ಕಪ್ಪು ಬಂದಿರುವುದು ಅದರೊಳಗಿನ ಖನಿಜದಿಂದ, ಡಬ್ಬಿಯಿಂದಲ್ಲ.

ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಆ ತುಂಡನ್ನೇ ನೋಡುತ್ತಿದ್ದೆ. ಕೈಕಾಲು ತಣ್ಣಗಾದವು. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾದಿನಿಗೆ ಏನು ಹೇಳುವುದು? ಹೊಗಳಿ ಹೋದವರಿಗೆಲ್ಲ ಏನು ಹೇಳುವುದು? ಇಷ್ಟು ದಿನ ಆ ರೊಟ್ಟಿ ತಿಂದೆವಲ್ಲ ಎಂದು ಹೊಟ್ಟೆ ತೊಳಸಿತು.

ಒಡೆದ ಚೂರನ್ನು ಚೀಲಕ್ಕೆ ಹಾಕಿಕೊಂಡು ಮನೆಯವರ ಜೊತೆ ಅಂಗಡಿಗೆ ಹೋದೆ. ಕಲ್ಲು ಮಾರುವಾಗ ಕುರ್ಚಿ ಹಾಕಿ ಚಹಾ ತರಿಸಿದ್ದ ಸಾಹುಕಾರರು ಈ ಸಲ ಕೂರಿ ಎಂದೂ ಹೇಳಲಿಲ್ಲ.

ಮೊದಲ ಉತ್ತರ: "ನೀವು ಆಸಿಡ್ ಹಾಕಿ ತೊಳೆದಿದ್ದೀರಿ." ಆಸಿಡ್ ನಮ್ಮ ಮನೆಯಲ್ಲೇ ಇಲ್ಲ ಎಂದೆ.

ಎರಡನೆಯದು: "ಹಾಗಾದರೆ ನಿಮ್ಮ ಬೋರ್‌ವೆಲ್ ನೀರು ಉಪ್ಪು, ಅದರಿಂದಲೇ ಕಲ್ಲು ಬೆಳ್ಳಗಾಗಿದೆ." ಗಡಸು ನೀರು ಒಣಗಿದರೆ ಮೇಲೆ ಬಿಳಿ ಪುಡಿ ಕೂರುತ್ತದೆ, ಅದು ಯಾರಿಗೆ ಗೊತ್ತಿಲ್ಲ? ಒಡೆದ ಕಲ್ಲಿನ ಒಳಗೆ ನೀರು ಹೋಗಿ ಬೂದು ಮಾಡಿತೇ ಎಂದು ಚೂರನ್ನು ಮೇಜಿನ ಮೇಲಿಟ್ಟೆ. ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಮೂರನೆಯದು, ನನಗೆ ಮೈಯೆಲ್ಲ ಉರಿಸಿದ್ದು: "ಅಕ್ಕಾ, ಕಲ್ಲು ಭೂಮಿಯಿಂದ ಬಂದದ್ದು, ನಾನು ಮಾಡಿದ್ದಲ್ಲ. ಕಲ್ಲಾದರೂ ಕಾಲ ಕಳೆದಂತೆ ಬಣ್ಣ ಬಿಡುತ್ತದೆ."

ಕೊಪ್ಪಳದಲ್ಲಿ ನಿಂತು ಈ ಮಾತು! ನಮ್ಮ ಊರಿನ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕ ಬಂಡೆಯ ಮೇಲೆ ಕೊರೆಸಿದ ಅಕ್ಷರಗಳಿವೆ. 2,200 ವರ್ಷ ದಾಟಿವೆ. ಅದನ್ನೇ ಹೇಳಿದೆ. ಆ ಕಲ್ಲು ಇನ್ನೂ ಅಕ್ಷರ ಬಿಟ್ಟಿಲ್ಲ, ನೀವು ಕೊಟ್ಟ ಕಲ್ಲು ವರ್ಷ ತುಂಬುವುದರೊಳಗೆ ಬಣ್ಣ ಬಿಟ್ಟಿದೆ ಎಂದೆ. ಅದಕ್ಕೆ ನನ್ನ ಕಡೆ ನೋಡದೆ ಮನೆಯವರ ಕಡೆ ತಿರುಗಿ, "ಸರ್, ಅಕ್ಕಾವರಿಗೆ ವ್ಯಾಪಾರ ತಿಳಿಯುವುದಿಲ್ಲ, ನೀವಾದರೂ ಸಮಾಧಾನವಾಗಿ ಕೇಳಿ" ಎಂದರು. ಈ ಮಾತನ್ನು ನಾನು ಮರೆಯುವುದಿಲ್ಲ. ಮನೆಯವರು "ಕಲ್ಲು ಆರಿಸಿದ್ದು ಅವಳು, ಉತ್ತರ ಅವಳಿಗೇ ಕೊಡಿ" ಎಂದರು.

ಕುಷ್ಟಗಿಯ ಕಡೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸಂಬಂಧಿಕರ ಹುಡುಗನಿದ್ದಾನೆ. ಹಿಂದಿನ ರಾತ್ರಿಯೇ ಫೋನಿನಲ್ಲಿ ಅವನು ಒಂದು ಪರೀಕ್ಷೆ ಹೇಳಿಕೊಟ್ಟಿದ್ದ. ಉಗುರಿನ ಬಣ್ಣ ತೆಗೆಯುವ ದ್ರವ ಇರುತ್ತದಲ್ಲ, ಅಸಿಟೋನ್, ಅದನ್ನು ಬಿಳಿ ಬಟ್ಟೆಗೆ ಹಾಕಿಕೊಂಡು ಕಲ್ಲಿನ ಮೇಲೆ ಗಟ್ಟಿಯಾಗಿ ತಿಕ್ಕಬೇಕು. ನಿಜವಾದ ಕಪ್ಪು ಕಲ್ಲಾದರೆ ಬಟ್ಟೆ ಕಪ್ಪಾಗುವುದಿಲ್ಲ. ಬಣ್ಣ ಹಾಕಿದ್ದಾದರೆ ಬಟ್ಟೆಗೆ ಬರುತ್ತದೆ. ಮನೆಯ ಕಟ್ಟೆಯ ಮೇಲೆ ತಿಕ್ಕಿದಾಗ ಬಟ್ಟೆ ಕಾಡಿಗೆ ಒರೆಸಿದಂತೆ ಆಗಿತ್ತು. ಆ ಬಾಟಲಿ ನನ್ನ ಚೀಲದಲ್ಲೇ ಇತ್ತು. ಅವರ ಅಂಗಡಿಯಲ್ಲಿ ನಿಲ್ಲಿಸಿದ್ದ ಅದೇ ಬಗೆಯ ಸ್ಲ್ಯಾಬಿಗೆ ಹೋಗಿ ತಿಕ್ಕಿದೆ. ಬಟ್ಟೆ ಕಪ್ಪು. ಅಲ್ಲಿ ಕಲ್ಲು ನೋಡುತ್ತಿದ್ದ ಇನ್ನೊಂದು ಕುಟುಂಬ ಸುಮ್ಮನೆ ನೋಡುತ್ತಾ ನಿಂತಿತು.

ಆಗ ಸಾಹುಕಾರರಿಗೆ ಕಾಲು ಬಂದವು. ಎದ್ದು ಬಂದು "ಅಂಗಡಿಯ ಮಾಲು ಮುಟ್ಟಬೇಡಿ, ನಷ್ಟ ನೀವೇ ಕೊಡಬೇಕಾಗುತ್ತದೆ" ಎಂದು ಕೈಯಿಂದ ಬಟ್ಟೆ ಕಿತ್ತುಕೊಳ್ಳಲು ನೋಡಿದರು. ಮೋಸ ಮಾಡಿದ ಕಲ್ಲಿಗೆ ನಷ್ಟ ನಾನು ಕೊಡಬೇಕಂತೆ! ಆ ಕುಟುಂಬ ಹೊರಟು ಹೋದ ಮೇಲೆ ದನಿ ಇಳಿಯಿತು. "ಕಾರ್ಖಾನೆಯಲ್ಲಿ ಸ್ವಲ್ಪ ಕಲರ್ ಕೊಡುತ್ತಾರೆ ಅಕ್ಕಾ, ಎಲ್ಲ ಅಂಗಡಿಯವರದೂ ಹಾಗೆಯೇ" ಎಂದರು. ಹಾಗಾದರೆ ಮಾರುವಾಗ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ಲ." ಕಲ್ಲಿಗೆ ಬಣ್ಣ ಹಾಕಿದ್ದೀರಾ ಎಂದು ಯಾವ ಗ್ರಾಹಕ ಕೇಳುತ್ತಾನೆ? ಆ ಬಣ್ಣ ಯಾವುದು, ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಮತ್ತೆ ಮತ್ತೆ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. ಕೊನೆಗೆ ಹೇಳಿದ್ದು: "ಹುಡುಗರನ್ನು ಕಳುಹಿಸಿ ಇನ್ನೊಮ್ಮೆ ಪಾಲಿಶ್ ಹೊಡೆಸಿಕೊಡುತ್ತೇನೆ, ಕೂಲಿ ಮಾತ್ರ ನೀವು ಕೊಡಿ." ಅಂದರೆ ಇನ್ನೊಮ್ಮೆ ಅದೇ ಡಬ್ಬಿ, ಅದೇ ಬಣ್ಣ, ಅದೇ ರೊಟ್ಟಿ.

ಹಣ ವಾಪಸ್ ಕೇಳಿ ವಾಟ್ಸ್ಆ್ಯಪಿನಲ್ಲಿ ಬರೆದೆ, ಬಟ್ಟೆಯ ಫೋಟೋ, ಒಡೆದ ತುಂಡಿನ ಫೋಟೋ ಎಲ್ಲ ಹಾಕಿದೆ. "ಬಿಲ್ ಇದ್ದರೆ ತನ್ನಿ, ನೋಡೋಣ" ಎಂದು ಒಂದು ಸಾಲು ಬಂತು. ಬಿಲ್ ಕೊಡಬೇಕಾದವರೇ ಬಿಲ್ ಕೇಳುತ್ತಿದ್ದಾರೆ! ಆಮೇಲೆ ನನ್ನ ನಂಬರ್ ಬ್ಲಾಕ್ ಆಯಿತು.

ನೀವು ಮಾಡಬೇಕಾದದ್ದು ಇಷ್ಟೇ. ಅಂಗಡಿಗೆ ಹೋಗುವಾಗ ಅಸಿಟೋನ್ ಮತ್ತು ಬಿಳಿ ಬಟ್ಟೆ ಒಯ್ಯಿರಿ, ನೀವು ಆರಿಸಿದ ಸ್ಲ್ಯಾಬಿನ ಮೇಲೆಯೇ ತಿಕ್ಕಿ ನೋಡಿ. ತಿಕ್ಕಲು ಬಿಡುವುದಿಲ್ಲ ಎಂದರೆ ಅಲ್ಲಿಂದ ಹೊರಡಿ. ಸ್ಲ್ಯಾಬಿನ ಪಕ್ಕದ, ಪಾಲಿಶ್ ಆಗದ ಒರಟು ಅಂಚನ್ನು ನೋಡಿ, ಮೇಲೆ ಕಪ್ಪು, ಅಂಚಿನಲ್ಲಿ ಬಿಳಿ, ಬೂದು ಹರಳು ಕಂಡರೆ ಅದು ಬಣ್ಣದ ಕಲ್ಲಿರಬಹುದು. ಅಂಚಿಗೂ ಬಣ್ಣ ಬಳಿದಿದ್ದರೆ ಒಂದು ಸಣ್ಣ ಚಕ್ಕೆ ಒಡೆಸಿ. ಕಲ್ಲಿನ ಹೆಸರು, ದಪ್ಪ, ಅಳತೆ ಬರೆದ ಜಿಎಸ್‌ಟಿ ಬಿಲ್ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ತೆರಿಗೆ ಉಳಿಯುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಕಪ್ಪೇ ಬೇಕೆಂಬ ಹಟ ಇಲ್ಲದಿದ್ದರೆ ನಮ್ಮ ಇಳಕಲ್, ಕುಷ್ಟಗಿ ಕಡೆಯ ಕೆಂಪು, ಬೂದು ಕಲ್ಲನ್ನೇ ಹಾಕಿಸಿ. ಅದು ಏನಿದೆಯೋ ಹಾಗೆಯೇ ಕಾಣುತ್ತದೆ.

ಈಗಾಗಲೇ ಮೋಸ ಹೋದವರು ನಾಚಿಕೊಂಡು ಸುಮ್ಮನೆ ಕೂರಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಆದರೆ 2 ವರ್ಷದೊಳಗೆ ಹೋಗಬೇಕು. ನಮ್ಮ ಎಸ್ಟಿಮೇಟ್ ಚೀಟಿ, ಹಣ ಕಳುಹಿಸಿದ ಫೋನ್‌ಪೇ ದಾಖಲೆ, ಆ "ಬಿಲ್ ಇದ್ದರೆ ತನ್ನಿ" ಎಂಬ ಸಂದೇಶ ಎಲ್ಲವನ್ನೂ ಮುದ್ರಿಸಿ ಇಟ್ಟಿದ್ದೇನೆ. ನಾದಿನಿ ಕೊಟ್ಟಿದ್ದ ಮುಂಗಡವನ್ನು ಅಂಗಡಿಯವರು ಇನ್ನೂ ಹಿಂತಿರುಗಿಸಿಲ್ಲ, ಅವಳೂ ದೂರು ಕೊಡುತ್ತಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ಸಿಂಕಿನ ತುಂಡನ್ನು ಎಸೆಯಬೇಡಿ, ಹುಡುಗರು ಒಯ್ದಿದ್ದರೆ ಕೇಳಿ ವಾಪಸ್ ತರಿಸಿ. ಒಳಗಿನ ಬೂದು ಕಲ್ಲನ್ನು ತೋರಿಸಲು ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಿಮಗೆ ಸಿಗುವುದಿಲ್ಲ.