ಶಾಸಕರ ನಿಧಿಯೋ, ಖನಿಜ ನಿಧಿಯೋ?

ಇಳಕಲ್ಲಿನ ಗ್ರಾನೈಟ್ ಗಣಿಗಳ ಪಕ್ಕದ ಊರಿನವರು ಕಾಮಗಾರಿಗೆ ಹಣ ಕೇಳಲು ಎರಡು ದಾರಿಗಳಿವೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ. ಶಾಸಕರು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿಗಳು ಮಂಜೂರು ಮಾಡುತ್ತಾರೆ. ಶಾಲಾ ಕೊಠಡಿ, ಬಸ್ ತಂಗುದಾಣಗಳಿಗೆ ಇದು ಸಾಕು.

ಜಿಲ್ಲಾ ಖನಿಜ ಪ್ರತಿಷ್ಠಾನದ ಸ್ವರೂಪವೇ ಬೇರೆ. ಕೇಂದ್ರದ ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಈ ನಿಧಿಗೆ ಗಣಿ ಗುತ್ತಿಗೆದಾರರು ರಾಜಧನದ (ಖನಿಜ ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಜೊತೆಗೆ ವಂತಿಗೆಯನ್ನೂ ಕಟ್ಟಬೇಕು, ಮತ್ತು ಆ ಹಣ ಗಣಿಬಾಧಿತ ಜನರಿಗೇ, ಅದರಲ್ಲೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲು ಸಲ್ಲಬೇಕು. ನೀರಿನ ಯೋಜನೆಯಂಥ ದೊಡ್ಡ ಕೆಲಸಕ್ಕೆ ಗ್ರಾಮಸಭೆಯ ಠರಾವಿನೊಂದಿಗೆ ಇಲ್ಲಿಯೇ ಕೇಳುವುದು ಉತ್ತಮ. ಧೂಳು ಕುಡಿಯುವ ಊರಿಗೆ ಇದು ಸಲ್ಲಲೇಬೇಕಾದ ಪಾಲು. ಗ್ರಾನೈಟ್ ಉಪಖನಿಜ (ಕಟ್ಟಡ ಕಲ್ಲು, ಮರಳಿನಂಥ ಖನಿಜಗಳ ವರ್ಗ) ಆದ್ದರಿಂದ ಅದರ ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕಿದೆ, ಹೀಗಾಗಿ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಊರಿನ ಈ ಪಾಲಿನ ಪ್ರಶ್ನೆ ಎತ್ತುವಂತೆಯೂ ಶಾಸಕರನ್ನು ಕೇಳಬಹುದು.